ಜಾಂಗಡ್‌ಗೆ ಕೊಟ್ಟ ಪುಟಗಳು

ಸೂರತ್‌ನ ಮಹಿಧರಪುರದ ಹೀರಾ ಬಜಾರಿಗೆ ಮೊದಲ ಸಲ ಹೋದವರಿಗೆ ಅದು ಕೋಟಿಗಟ್ಟಲೆ ವ್ಯವಹಾರ ನಡೆಯುವ ಜಾಗ ಅಂತ ಅನಿಸುವುದೇ ಇಲ್ಲ. ಇಕ್ಕಟ್ಟಾದ ಬೀದಿ, ಸಾಲಾಗಿ ನಿಲ್ಲಿಸಿದ ಸ್ಕೂಟರುಗಳು, ಸ್ಕೂಟರಿನ ಸೀಟಿನ ಮೇಲೆಯೇ ಬಿಳಿ ಕಾಗದದ ಪೊಟ್ಟಣ ಬಿಚ್ಚಿ ಕಲ್ಲು ನೋಡುತ್ತಿರುವ ಜನ. ಅಲ್ಲಿ ಸ್ವಲ್ಪ ಹೊತ್ತು ನಿಂತರೆ ಒಂದು ಪದ ಮತ್ತೆ ಮತ್ತೆ ಕಿವಿಗೆ ಬೀಳುತ್ತದೆ: ಜಾಂಗಡ್.

ಜಾಂಗಡ್ ಅಂದರೆ ಒಪ್ಪಿಗೆಗಾಗಿ ಕೊಟ್ಟ ಮಾಲು. ವ್ಯಾಪಾರಿ ತನ್ನ ಪೊಟ್ಟಣವನ್ನು ದಲಾಲನಿಗೋ ಇನ್ನೊಬ್ಬ ವ್ಯಾಪಾರಿಗೋ ತೋರಿಸಲು ಕೊಡುತ್ತಾನೆ. ಎಷ್ಟು ಕಲ್ಲು, ಎಷ್ಟು ಕ್ಯಾರೆಟ್, ಏನು ದರ ಎಂದು ಚೀಟಿಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳುತ್ತಾನೆ. ಮಾಲು ಇನ್ನೊಬ್ಬನ ಕೈಯಲ್ಲಿದ್ದರೂ ಒಡೆತನ ಕೊಟ್ಟವನದೇ. ಆದರೆ ಒಡೆಯನಾದ ಮಾತ್ರಕ್ಕೆ ಅವನೂ ಸ್ವತಂತ್ರನಲ್ಲ. ಚೀಟಿ ವಾಪಸ್ ಬಂದು ಹರಿಯುವ ತನಕ ಅದೇ ಮಾಲನ್ನು ಬೇರೆಯವರಿಗೆ ಕೊಡುತ್ತೇನೆಂದು ಮಾತು ಕೊಡುವಂತಿಲ್ಲ.

ನಾನು ವಜ್ರದ ವ್ಯಾಪಾರಿಯಲ್ಲ. ಇಲ್ಲಿನ ಕಚೇರಿಗಳಿಗೆ ಸಾಫ್ಟ್‌ವೇರ್ ಬರೆಯುವವರಲ್ಲಿ ಒಬ್ಬ. ಜಾಂಗಡ್ ಚೀಟಿಯ ನಿಜವಾದ ಅರ್ಥ ನನಗೆ ತಿಳಿದದ್ದು ಬಜಾರಿನಲ್ಲಿ ಅಲ್ಲ, ಲಿನಕ್ಸ್ ಕರ್ನಲ್‌ನ ನೆಟ್‌ವರ್ಕ್ ವಿಭಾಗದಲ್ಲಿ. ಅದೂ ಒಂದು ಪೆಟ್ಟು ತಿಂದ ಮೇಲೆ. ಈ ಸಲದ ಅಂಕಣ ಅದರ ಬಗ್ಗೆ.

ನಕಲಿನ ಖರ್ಚು

ಡಿಸ್ಕಿನಲ್ಲಿರುವ ಒಂದು ಕಡತವನ್ನು ನೆಟ್‌ವರ್ಕಿನ ಮೂಲಕ ಇನ್ನೊಂದು ಊರಿಗೆ ಕಳಿಸಬೇಕು ಅಂದುಕೊಳ್ಳಿ. ಸಾಮಾನ್ಯ ಪ್ರೋಗ್ರಾಮು ಮಾಡುವುದು ಎರಡೇ ಕೆಲಸ: ಕಡತದಿಂದ ಓದು, ಸಾಕೆಟ್‌ಗೆ ಬರೆ. ಒಳಗೆ ನಡೆಯುವುದು ಬೇರೆ. ಡಿಸ್ಕಿನಿಂದ ಬಂದ ದತ್ತಾಂಶ ಮೊದಲು ಕರ್ನಲ್‌ನ ಪೇಜ್ ಕ್ಯಾಶೆಗೆ ಬರುತ್ತದೆ. ಅಲ್ಲಿಂದ ಪ್ರೋಗ್ರಾಮಿನ ಬಫರ್‌ಗೆ ಒಂದು ನಕಲು. ಬರೆಯುವಾಗ ಪ್ರೋಗ್ರಾಮಿನ ಬಫರ್‌ನಿಂದ ಕರ್ನಲ್‌ನ ಸಾಕೆಟ್ ಬಫರ್‌ಗೆ ಇನ್ನೊಂದು ನಕಲು. ಆಮೇಲೆ ನೆಟ್‌ವರ್ಕ್ ಕಾರ್ಡು ಅದನ್ನು ಮೆಮೊರಿಯಿಂದ ತಾನೇ ಎತ್ತಿಕೊಳ್ಳುತ್ತದೆ. ಒಂದಕ್ಷರವೂ ಬದಲಾಗದ ಮಾಲನ್ನು ಪ್ರೊಸೆಸರು ಎರಡು ಸಲ ಹೊತ್ತು ಹಾಕಿದ ಹಾಗಾಯಿತು.

ನಿಧಾನದ ಲೈನುಗಳ ಕಾಲದಲ್ಲಿ ಇದು ಯಾರಿಗೂ ಭಾರವಾಗಿರಲಿಲ್ಲ. ಈಗ ಲೆಕ್ಕ ಹಾಕಿ ನೋಡಿ. 100 ಗಿಗಾಬಿಟ್ ಲೈನು ಪೂರ್ತಿ ಹರಿದರೆ ಸೆಕೆಂಡಿಗೆ 12.5 ಗಿಗಾಬೈಟ್. ಅದನ್ನು ಒಂದು ಸಲ ನಕಲು ಮಾಡಬೇಕಾದರೆ ಅಷ್ಟನ್ನು ಓದಬೇಕು, ಅಷ್ಟನ್ನೇ ಬರೆಯಬೇಕು, ಒಟ್ಟು 25 ಗಿಗಾಬೈಟ್. ಡಿಡಿಆರ್4-3200 ಮೆಮೊರಿಯ ಒಂದು ಚಾನೆಲ್‌ನ ಗರಿಷ್ಠ ಸಾಮರ್ಥ್ಯ ಸೆಕೆಂಡಿಗೆ 25.6 ಗಿಗಾಬೈಟ್. ಅಂದರೆ ಒಂದು ನಕಲು ಒಂದು ಇಡೀ ಮೆಮೊರಿ ಚಾನೆಲನ್ನು ನುಂಗಿ ಹಾಕಬಲ್ಲದು. ಅದೇ ಲೈನಿನಲ್ಲಿ 1500 ಬೈಟಿನ ಪ್ಯಾಕೆಟ್ಟುಗಳು ಸುಮಾರು 123 ನ್ಯಾನೋಸೆಕೆಂಡಿಗೊಂದರಂತೆ ಹೋಗುತ್ತಿರುತ್ತವೆ. ಪ್ರೊಸೆಸರು ಕ್ಯಾಶೆಯಲ್ಲಿ ಸಿಗದ ಒಂದು ಮಾತಿಗಾಗಿ ಮೆಮೊರಿಯ ತನಕ ಹೋಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು ಬೇಕು.

ಹಾಗಾಗಿ ನಕಲು ಮಾಡದೆ ಕಳಿಸುವ ದಾರಿ ಹುಡುಕಿದರು. ಮಾಲು ಇದ್ದಲ್ಲೇ ಇರಲಿ, ಅದು ಎಲ್ಲಿದೆ ಎಂಬ ಚೀಟಿ ಮಾತ್ರ ಕೈ ಬದಲಾಗಲಿ. ಇದಕ್ಕೇ ಝೀರೋ ಕಾಪಿ ಎನ್ನುತ್ತಾರೆ.

ಹಳೆಯ ಪ್ರಯತ್ನಗಳು

ಈ ಹುಡುಕಾಟ ಹೊಸದಲ್ಲ. 1983ರ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲೇ ಎಂಬಫ್ ಎಂಬ ಸಣ್ಣ ಬಫರ್‌ಗಳ ಸರಪಳಿಯಿತ್ತು. ದೊಡ್ಡ ದತ್ತಾಂಶವನ್ನು ಬೇರೆ ಕಡೆ ಇಟ್ಟು, ಎಂಬಫ್‌ನಲ್ಲಿ ಅದರ ವಿಳಾಸ ಮಾತ್ರ ಬರೆದಿಡಬಹುದಿತ್ತು. 1993ರಲ್ಲಿ ಪೀಟರ್ ಡ್ರುಶೆಲ್ ಮತ್ತು ಲ್ಯಾರಿ ಪೀಟರ್ಸನ್ ಎಫ್‌ಬಫ್ ಎಂಬ ವಿನ್ಯಾಸವನ್ನು ಮುಂದಿಟ್ಟರು. ಕರ್ನಲ್ ಮತ್ತು ಪ್ರೋಗ್ರಾಮುಗಳು ಒಂದೇ ಬಫರ್‌ಗಳನ್ನು ಹಂಚಿಕೊಳ್ಳುವ, ಬಳಸಿದ ಬಫರನ್ನು ಬಿಸಾಡದೆ ಅದೇ ದಾರಿಗೆ ಮತ್ತೆ ಬಳಸುವ ಯೋಚನೆ ಅದು. ಇವತ್ತಿನ ಅನೇಕ ವಿನ್ಯಾಸಗಳಲ್ಲಿ ಅದರ ಛಾಯೆ ಕಾಣುತ್ತದೆ.

ಲಿನಕ್ಸ್‌ಗೆ 1999ರ 2.2 ಆವೃತ್ತಿಯಲ್ಲಿ ಸೆಂಡ್‌ಫೈಲ್ ಬಂತು. ಪ್ರೋಗ್ರಾಮು ಕಡತವನ್ನು ತನ್ನ ಬಫರ್‌ಗೆ ತರಿಸಿಕೊಳ್ಳುವುದೇ ಇಲ್ಲ. 'ಈ ಕಡತವನ್ನು ಆ ಸಾಕೆಟ್‌ಗೆ ಕಳಿಸು' ಎಂದು ಕರ್ನಲ್‌ಗೆ ಹೇಳಿ ಸುಮ್ಮನಾಗುತ್ತದೆ. ಮುಂದೆ 2.4ರ ಸರಣಿಯಲ್ಲಿ ಸಾಕೆಟ್ ಬಫರ್ ಬೇರೆ ಬೇರೆ ಕಡೆ ಇರುವ ಪುಟಗಳನ್ನು ಬೆರಳು ತೋರಿಸಿ ಇಟ್ಟುಕೊಳ್ಳಲು ಕಲಿಯಿತು. ಆಗ ಪೇಜ್ ಕ್ಯಾಶೆಯ ಪುಟವನ್ನೇ ಕಾರ್ಡಿಗೆ ಒಪ್ಪಿಸುವುದು ಸಾಧ್ಯವಾಯಿತು. ಎಂಜಿನ್‌ಎಕ್ಸ್, ಕಾಫ್ಕಾದಂಥವು ಬಹಳ ವರ್ಷಗಳಿಂದ ಸೆಂಡ್‌ಫೈಲ್ ಬಳಸುತ್ತಿವೆ.

ಕಡತದ ವಿಷಯ ಸರಿ. ಆದರೆ ಪ್ರೋಗ್ರಾಮು ತಾನೇ ಮೆಮೊರಿಯಲ್ಲಿ ತಯಾರಿಸಿದ ದತ್ತಾಂಶ? ಅದಕ್ಕೆ ದಾರಿಯಾದದ್ದು 2017ರ ನವೆಂಬರಿನಲ್ಲಿ ಬಂದ 4.14 ಆವೃತ್ತಿಯ ಎಂಎಸ್‌ಜಿ-ಝೀರೋಕಾಪಿ. ಬರೆದವರು ವಿಲೆಮ್ ಡಿ ಬ್ರೂಯಿನ್.

ಇಲ್ಲಿ ಮೆಮೊರಿ ನಿರ್ವಹಣೆಯ ಗಂಟು ಎದುರಾಗುತ್ತದೆ. ನಕಲು ಮಾಡುವ ಕಾಲದಲ್ಲಿ ಒಂದು ನೆಮ್ಮದಿಯಿತ್ತು. ಸೆಂಡ್ ಕರೆ ಮುಗಿಯಿತೆಂದರೆ ಕರ್ನಲ್ ತನ್ನ ಪ್ರತಿ ಮಾಡಿಕೊಂಡಾಯಿತು, ನಿಮ್ಮ ಬಫರ್ ನಿಮ್ಮದು, ಅದರಲ್ಲಿ ಏನು ಬೇಕಾದರೂ ಬರೆಯಿರಿ. ನಕಲಿಲ್ಲ ಎಂದಾದರೆ ಕರೆ ಮುಗಿದ ಮೇಲೂ ಕರ್ನಲ್ ನಿಮ್ಮ ಪುಟವನ್ನೇ ಹಿಡಿದುಕೊಂಡಿರುತ್ತದೆ. ಟಿಸಿಪಿಯಲ್ಲಂತೂ ಕಾರ್ಡು ಕಳಿಸಿದರೆ ಸಾಲದು. ಆಚೆ ಕಡೆಯಿಂದ 'ತಲುಪಿತು' ಎಂಬ ಉತ್ತರ ಬರುವ ತನಕ ಇಟ್ಟುಕೊಳ್ಳಬೇಕು, ದಾರಿಯಲ್ಲಿ ಕಳೆದುಹೋದರೆ ಮತ್ತೆ ಕಳಿಸಬೇಕಲ್ಲ.

ಆ ಹೊತ್ತಿನಲ್ಲಿ ಪ್ರೋಗ್ರಾಮು ಪುಟವನ್ನು ತಿದ್ದದಂತೆ ಬೀಗ ಹಾಕಬಹುದಿತ್ತು. ತಿದ್ದಲು ಹೋದರೆ ಆಗ ಮಾತ್ರ ನಕಲು ಮಾಡಿಕೊಡುವ ಕಾಪಿ-ಆನ್-ರೈಟ್ ಇದೆ. ಆದರೆ ಪ್ರತಿ ಸಲ ಪುಟದ ಅನುಮತಿ ಬದಲಿಸುವುದು, ಎಲ್ಲ ಕೋರ್‌ಗಳಿಗೂ ನಿಮ್ಮ ಹಳೆಯ ವಿಳಾಸ ಪಟ್ಟಿ ಅಳಿಸಿ ಎಂದು ಹೇಳಿ ಕಳಿಸುವುದು ಅಗ್ಗದ ಕೆಲಸವಲ್ಲ. ಎಷ್ಟೋ ಸಲ ನಕಲೇ ಅದಕ್ಕಿಂತ ಅಗ್ಗ. ಹಾಗಾಗಿ ಲಿನಕ್ಸ್ ಬೀಗ ಹಾಕುವುದಿಲ್ಲ. ಪುಟಗಳನ್ನು ಅಲುಗಾಡದಂತೆ ಪಿನ್ ಮಾಡುತ್ತದೆ, ಎಷ್ಟು ಜನ ಹಿಡಿದಿದ್ದಾರೆಂದು ಲೆಕ್ಕ ಇಡುತ್ತದೆ, ಕೆಲಸ ಮುಗಿದ ಮೇಲೆ ಸಾಕೆಟ್‌ನ ಎರರ್ ಕ್ಯೂ ಮೂಲಕ ಒಂದು ಸೂಚನೆ ಕಳಿಸುತ್ತದೆ. ಆ ಸೂಚನೆ ಬರುವವರೆಗೆ ಬಫರ್ ಮುಟ್ಟದಿರುವುದು ಪ್ರೋಗ್ರಾಮು ಬರೆದವನ ಜವಾಬ್ದಾರಿ.

ಸಾಕ್ಷಾತ್ ಜಾಂಗಡ್.

ಚೀಟಿ ನೋಡದೆ ಕೊಟ್ಟದ್ದು

ಈಗ ನನ್ನ ಪೆಟ್ಟಿನ ಕತೆ. ಕಚ್ಚಾ ವಜ್ರವನ್ನು ಕತ್ತರಿಸುವ ಮೊದಲು ಯಂತ್ರದಲ್ಲಿ ಸ್ಕ್ಯಾನ್ ಮಾಡುತ್ತಾರೆ. ಒಳಗಿನ ದೋಷ ಎಲ್ಲಿದೆ, ಅದನ್ನು ತಪ್ಪಿಸಿ ಎಷ್ಟು ದೊಡ್ಡ ಕಲ್ಲು ತೆಗೆಯಬಹುದು ಎಂದು ಕಂಪ್ಯೂಟರಿನಲ್ಲಿ ಯೋಜನೆ ಹಾಕುತ್ತಾರೆ. ನಾವು ಬರೆದ ಸಾಫ್ಟ್‌ವೇರ್ ಆ ಸ್ಕ್ಯಾನನ್ನು ಸೂರತ್‌ನಿಂದ ಮುಂಬಯಿಯ ಕಚೇರಿಗೆ, ಯಂತ್ರದಿಂದ ಬರುತ್ತಿದ್ದ ಹಾಗೇ ಕಳಿಸುತ್ತಿತ್ತು. ಸರ್ವರಿನಲ್ಲಿ ಪ್ರೊಸೆಸರು ಬೇರೆ ಲೆಕ್ಕಗಳಲ್ಲಿ ಮುಳುಗಿರುತ್ತಿದ್ದರಿಂದ ನಾನು ಝೀರೋ ಕಾಪಿ ಹಾಕಿದೆ.

ನಾಲ್ಕು ಬಫರ್, ಒಂದೊಂದೂ 256 ಕಿಲೋಬೈಟ್. ಒಂದನ್ನು ತುಂಬಿ ಕಳಿಸು, ಮುಂದಿನದಕ್ಕೆ ಹೋಗು, ನಾಲ್ಕು ಮುಗಿದರೆ ಮತ್ತೆ ಮೊದಲನೆಯದು. ಮುಗಿದ ಸೂಚನೆಗಳನ್ನು ಓದಿ ಎಸೆಯುತ್ತಿದ್ದೆ. ಯಾವ ಸೂಚನೆ ಯಾವ ಬಫರಿನದು ಎಂದು ಹೊಂದಿಸಿ ನೋಡಿರಲಿಲ್ಲ. ನಾಲ್ಕು ಸುತ್ತು ಬರುವಷ್ಟರಲ್ಲಿ ಮೊದಲನೆಯದು ಖಂಡಿತ ತಲುಪಿರುತ್ತದೆ ಎಂಬುದು ನನ್ನ ಧೈರ್ಯ. ಯಂತ್ರ ದತ್ತಾಂಶ ಕೊಡುವ ವೇಗ ಲೈನಿನ ವೇಗಕ್ಕಿಂತ ಕಡಿಮೆಯಿತ್ತು, ಮುಂಬಯಿಯಿಂದ ಉತ್ತರ ಕೆಲವೇ ಮಿಲಿಸೆಕೆಂಡಿನಲ್ಲಿ ಬರುತ್ತಿತ್ತು. ಕಚೇರಿಯೊಳಗಿನ ಪರೀಕ್ಷೆಗಳೆಲ್ಲ ಪಾಸು. ಮೂರು ವಾರ ಎಲ್ಲ ಸರಿಯಿತ್ತು.

ಒಂದು ಸಂಜೆ ಮುಂಬಯಿಯಿಂದ ಫೋನು. ಯೋಜನೆ ಹಾಕುವವರು ಒಂದು ಕಲ್ಲಿನ ಚಿತ್ರ ತೆರೆದಿದ್ದಾರೆ. ಒಳಗಿನ ಗರಿಯಂಥ ದೋಷ ಅರ್ಧಕ್ಕೆ ಕತ್ತರಿಸಿದಂತೆ ನಿಂತು, ಬೇರೆ ಕಡೆ ಮತ್ತೆ ಶುರುವಾಗಿದೆ. 'ಕಲ್ಲಿನಲ್ಲಿ ಹೀಗೆ ಇರಲು ಸಾಧ್ಯವೇ ಇಲ್ಲ' ಎಂದರು ಅವರು. ಇಪ್ಪತ್ತು ವರ್ಷ ಕಲ್ಲು ನೋಡಿದ ಕಣ್ಣು, ಹಾಗಾಗಿ ಉಳಿಯಿತು. ತಪ್ಪು ಚಿತ್ರ ನಂಬಿ ಲೇಸರ್ ಹಾಕಿದ್ದರೆ ಕತ್ತರಿಸಿದ ವಜ್ರವನ್ನು ಮತ್ತೆ ಅಂಟಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಎರಡು ದಿನ ಹುಡುಕಿದೆ. ಡಿಸ್ಕು ಸರಿ, ಯಂತ್ರ ಸರಿ, ಮೆಮೊರಿ ಸರಿ. ಟಿಸಿಪಿಯ ಚೆಕ್‌ಸಮ್‌ನಲ್ಲಿ ಒಂದೂ ದೋಷವಿಲ್ಲ. ಕೊನೆಗೆ ಮೂಲ ಕಡತ, ತಲುಪಿದ ಕಡತ ಎರಡನ್ನೂ ಪಕ್ಕಪಕ್ಕ ಇಟ್ಟು ಬೈಟ್ ಬೈಟ್ ಹೋಲಿಸಿದೆ. ಹಾಳಾದ ಭಾಗದಲ್ಲಿ ಕಸ ಇರಲಿಲ್ಲ, ಅದೇ ಕಡತದ ಮುಂದಿನ ಭಾಗ ಇತ್ತು. ಎಷ್ಟು ಮುಂದಿನದು? ಸರಿಯಾಗಿ 10,48,576 ಬೈಟ್. ನಾಲ್ಕು ಸಲ 256 ಕಿಲೋಬೈಟ್. ಆ ಸಂಖ್ಯೆ ಕಂಡ ಕೂಡಲೇ ಕುರ್ಚಿಗೆ ಒರಗಿ ಕೂತೆ.

ಆದದ್ದಿಷ್ಟು. ಸಂಜೆ ಹೊತ್ತು ಲೈನಿನಲ್ಲಿ ದಟ್ಟಣೆ, ಕೆಲವು ಪ್ಯಾಕೆಟ್ಟು ಕಳೆದುಹೋಗಿವೆ. ಟಿಸಿಪಿ ಮತ್ತೆ ಕಳಿಸಲು ಕಾಯುತ್ತ ನಿಂತಿದೆ. ಸಾಕೆಟ್‌ನ ಸರತಿಯ ಮಿತಿ ನನ್ನ ನಾಲ್ಕು ಬಫರ್‌ಗಳ ಒಟ್ಟು ಗಾತ್ರಕ್ಕಿಂತ ದೊಡ್ಡದಾಗಿದ್ದರಿಂದ ನನ್ನ ಪ್ರೋಗ್ರಾಮಿಗೆ 'ನಿಲ್ಲು' ಎಂದು ಯಾರೂ ಹೇಳಲಿಲ್ಲ. ಅದು ಒಂದು ಸುತ್ತು ಬಂದು ಮೊದಲ ಬಫರಿನ ಮೇಲೆ ಹೊಸ ದತ್ತಾಂಶ ಬರೆಯಿತು. ಟಿಸಿಪಿ ಮರುಕಳಿಸಿದಾಗ ಹಳೆಯ ಪ್ಯಾಕೆಟ್ಟಿನ ವಿಳಾಸದಲ್ಲಿ ಹೊಸ ಮಾಲು ಹೋಯಿತು. ಚೆಕ್‌ಸಮ್ ಯಾಕೆ ಹಿಡಿಯಲಿಲ್ಲ? ಅದನ್ನು ಲೆಕ್ಕ ಹಾಕುವುದು ಕಾರ್ಡು, ಕಳಿಸುವ ಕ್ಷಣದಲ್ಲಿ. ತಪ್ಪು ದತ್ತಾಂಶಕ್ಕೆ ಸರಿಯಾದ ಚೆಕ್‌ಸಮ್ ಹಾಕಿ ಕಳಿಸಿದೆ. ಪೊಟ್ಟಣ ಬದಲಾದ ಮೇಲೆ ಸೀಲು ಒತ್ತಿದ ಹಾಗೆ.

ಕರ್ನಲ್‌ನದು ತಪ್ಪಿಲ್ಲ. ಎಂಎಸ್‌ಜಿ-ಝೀರೋಕಾಪಿಯ ದಾಖಲೆಯಲ್ಲಿ ಇದನ್ನು ಬಿಡಿಸಿ ಹೇಳಿದ್ದಾರೆ: ಹಂಚಿಕೊಂಡ ಪುಟವನ್ನು ತಿದ್ದಿದರೆ ಕರ್ನಲ್ ಬೀಳುವುದಿಲ್ಲ, ಕೆಡುವುದು ತಿದ್ದಿದವನದೇ ದತ್ತಾಂಶ. ನಮ್ಮ ಕಡೆ 'ಕೊಟ್ಟೋನು ಕೋಡಂಗಿ, ಈಸ್ಕೊಂಡೋನು ವೀರಭದ್ರ' ಎನ್ನುತ್ತಾರಲ್ಲ, ಇಲ್ಲಿ ಕೋಡಂಗಿ ನಾನೇ.

ಆ ವಾರ ನಮ್ಮ ಗ್ರಾಹಕರ ಕಚೇರಿಯಲ್ಲಿ ಲೆಕ್ಕ ಬರೆಯುವ ಹಿರಿಯರಿಗೆ ಇದನ್ನು ಹೇಗೋ ವಿವರಿಸಿದೆ. 'ಕಾಕಾ, ಮಾಲು ವಾಪಸ್ ಬರುವ ಮೊದಲೇ ಅದೇ ಕಾಗದದಲ್ಲಿ ಬೇರೆ ಕಲ್ಲು ಕಟ್ಟಿಬಿಟ್ಟೆ' ಎಂದೆ. ಅವರು ಕನ್ನಡಕದ ಮೇಲಿಂದ ನೋಡಿ, 'ಚೀಟಿ ಇರಲಿಲ್ಲವೇ ಭಾಯ್?' ಎಂದರು. 'ಇತ್ತು, ಓದದೆ ಹರಿದು ಹಾಕುತ್ತಿದ್ದೆ' ಎಂದೆ. ಅವರು ಮತ್ತೇನೂ ಹೇಳಲಿಲ್ಲ.

ಸರಿ ಮಾಡಿದ್ದು ಹೇಗೆ

ಎಂಎಸ್‌ಜಿ-ಝೀರೋಕಾಪಿ ಬಳಸಿದ ಪ್ರತಿ ಯಶಸ್ವಿ ಕರೆಗೂ ಕರ್ನಲ್ ಒಂದು ಕ್ರಮಸಂಖ್ಯೆ ಎಣಿಸುತ್ತದೆ. ಸೂಚನೆ ಬರುವಾಗ 'ಇಲ್ಲಿಂದ ಇಲ್ಲಿಯವರೆಗಿನ ಸಂಖ್ಯೆಗಳು ಮುಗಿದವು' ಎಂದು ಒಂದು ವ್ಯಾಪ್ತಿ ಬರುತ್ತದೆ, ಹತ್ತು ಕರೆಗಳಿಗೆ ಒಂದೇ ಸೂಚನೆ ಬರಬಹುದು. ಟಿಸಿಪಿಯಲ್ಲಿ ಸಾಮಾನ್ಯವಾಗಿ ಕ್ರಮವಾಗಿಯೇ ಬರುತ್ತವೆ. ಆದರೆ ಮರುಕಳಿಸುವಾಗ ಅಥವಾ ಸಾಕೆಟ್ ಮುಚ್ಚುವಾಗ ಹಿಂದುಮುಂದಾಗಬಹುದು, ಆದ್ದರಿಂದ ಕ್ರಮವನ್ನು ನಂಬಿ ಕೂರುವಂತಿಲ್ಲ. ಈಗ ನಮ್ಮ ಪ್ರತಿ ಬಫರಿಗೂ ಒಂದು ಖಾತೆಯಿದೆ: ನಮ್ಮ ಕೈಯಲ್ಲಿದೆ, ತುಂಬುತ್ತಿದೆ, ಕರ್ನಲ್ ಬಳಿ ಇದೆ. ಮೂರನೆಯ ಸ್ಥಿತಿಯಲ್ಲಿರುವುದನ್ನು ಯಾರೂ ಮುಟ್ಟುವಂತಿಲ್ಲ. ಖಾಲಿ ಬಫರ್ ಇಲ್ಲವೆಂದರೆ ಕಾಯಬೇಕು. ಜೊತೆಗೆ ಇಡೀ ಕಡತದ ಹ್ಯಾಶ್ ಬೇರೆಯಾಗಿ ಕಳಿಸಿ, ಮುಂಬಯಿಯಲ್ಲಿ ಹೋಲಿಸಿದ ಮೇಲೆಯೇ ತೆರೆಯಲು ಬಿಡುತ್ತೇವೆ.

ಪಿನ್ ಮಾಡಿದ ಪುಟಗಳಿಗೂ ಮಿತಿಯಿದೆ. ಅವನ್ನು ಕರ್ನಲ್ ಸರಿಸುವಂತಿಲ್ಲ, ಡಿಸ್ಕಿಗೆ ತಳ್ಳುವಂತಿಲ್ಲ. ಒಬ್ಬನೇ ಎಲ್ಲ ಮೆಮೊರಿ ಹಿಡಿದು ಕೂರಬಾರದೆಂದು ಲಾಕ್ ಮಾಡಿದ ಮೆಮೊರಿಯ ಮಿತಿಯಲ್ಲಿ ಅವನ್ನೂ ಎಣಿಸುತ್ತಾರೆ. ಮೀರಿದರೆ ಕರೆ ಸೋಲುತ್ತದೆ.

ಬರುವ ಮಾಲಿನ ಕಷ್ಟ

ಕಳಿಸುವುದಕ್ಕಿಂತ ಸ್ವೀಕರಿಸುವುದು ಕಷ್ಟ. ಕಳಿಸುವಾಗ ಮಾಲು ಯಾರದೆಂದು ಮೊದಲೇ ಗೊತ್ತು. ಬರುವಾಗ ಕಾರ್ಡು ಪ್ಯಾಕೆಟ್ಟನ್ನು ಎಲ್ಲಾದರೂ ಇಳಿಸಿ, ಆಮೇಲೆ ವಿಳಾಸ ಓದಿ ಯಾರದೆಂದು ತಿಳಿಯಬೇಕು. ಅಷ್ಟರಲ್ಲಿ ಅದು ಕರ್ನಲ್‌ನ ಪುಟದಲ್ಲಿ, ಹೆಡರ್ ಜೊತೆ ಅಂಟಿಕೊಂಡು ಕೂತಿರುತ್ತದೆ. ಎರಿಕ್ ಡ್ಯುಮಝೆ 4.18ರಲ್ಲಿ ತಂದ ಟಿಸಿಪಿ ಝೀರೋಕಾಪಿ ರಿಸೀವ್ ಆ ಪುಟವನ್ನೇ ಪ್ರೋಗ್ರಾಮಿನ ವಿಳಾಸಕ್ಕೆ ಜೋಡಿಸುತ್ತದೆ. ಆದರೆ ದತ್ತಾಂಶ 4096 ಬೈಟಿನ ಪುಟಕ್ಕೆ ಸರಿಯಾಗಿ ಕೂತಿರಬೇಕು. ಅದಕ್ಕೆ ಕಾರ್ಡು ಹೆಡರನ್ನು ಬೇರ್ಪಡಿಸಿ ಬೇರೆ ಕಡೆ ಇಡಬೇಕು.

ಅದೇ 4.18ರಲ್ಲಿ, 2018ರಲ್ಲಿ, ಬಂದ ಎಎಫ್-ಎಕ್ಸ್‌ಡಿಪಿ ಬೇರೆ ದಾರಿ ಹಿಡಿಯಿತು. ಪ್ರೋಗ್ರಾಮು ಮೊದಲೇ ಒಂದು ದೊಡ್ಡ ಮೆಮೊರಿ ಜಾಗವನ್ನು ಕರ್ನಲ್‌ಗೆ ತೋರಿಸಿ ನೋಂದಾಯಿಸುತ್ತದೆ. ಆಮೇಲೆ ನಾಲ್ಕು ಸರತಿಗಳು: ಖಾಲಿ ಬಫರ್ ಕೊಡಲು ಒಂದು, ತುಂಬಿ ಬಂದದ್ದನ್ನು ಪಡೆಯಲು ಒಂದು, ಕಳಿಸಲು ಒಂದು, ಕಳಿಸಿ ಮುಗಿದದ್ದನ್ನು ಹಿಂಪಡೆಯಲು ಒಂದು. ಬಫರಿನ ಸಂಖ್ಯೆ ಯಾವ ಸರತಿಯಲ್ಲಿದೆಯೋ ಅದರಿಂದ ಒಡೆಯ ಯಾರೆಂದು ತಿಳಿಯುತ್ತದೆ. ಒಂದು ಬಫರ್ ಒಂದು ಕಾಲಕ್ಕೆ ಒಬ್ಬರ ಕೈಯಲ್ಲಿ ಮಾತ್ರ.

ಕರ್ನಲ್‌ನೊಳಗೆ ಡ್ರೈವರುಗಳು ಬಳಸುವ ಪೇಜ್ ಪೂಲ್ ಕೂಡ ಇದೇ ಜಾತಿಯದು. ನಮ್ಮೂರಲ್ಲಿ ದೇವಸ್ಥಾನದ ದೊಡ್ಡ ಪಾತ್ರೆಗಳನ್ನು ಮದುವೆಗೆ ಕಡ ತರುತ್ತಾರೆ. ತೊಳೆದು ಅದೇ ಉಗ್ರಾಣಕ್ಕೆ ವಾಪಸ್ ಇಟ್ಟರಾಯಿತು, ಮುಂದಿನ ಮದುವೆಗೆ ಪೇಟೆಗೆ ಹೋಗಬೇಕಿಲ್ಲ. ಪುಟಗಳನ್ನು ಪ್ರತಿ ಸಲ ಕರ್ನಲ್‌ನ ಸಾಮಾನ್ಯ ಉಗ್ರಾಣದಿಂದ ಬೇಡಿ, ಕಾರ್ಡಿಗೆ ಹೊಂದಿಸಿ, ಮತ್ತೆ ಕಳಚಿ ಕೊಡುವ ಬದಲು ಹತ್ತಿರದಲ್ಲೇ ಇಟ್ಟುಕೊಂಡು ತಿರುಗಿಸುತ್ತಾರೆ.

ಹಂಚಿಕೊಂಡ ಪುಟದ ಅಪಾಯ

ನನ್ನ ತಪ್ಪು ನನ್ನ ಕಡತವನ್ನಷ್ಟೇ ಕೆಡಿಸಿತು. ಕರ್ನಲ್‌ನೊಳಗೇ ಇಂಥ ತಪ್ಪಾದರೆ? 2022ರ ಮಾರ್ಚ್ 7ರಂದು ಮ್ಯಾಕ್ಸ್ ಕೆಲರ್‌ಮನ್ ಪ್ರಕಟಿಸಿದ ಡರ್ಟಿ ಪೈಪ್ ಅಂಥದ್ದು. ಅವರಿಗೂ ಸುಳಿವು ಸಿಕ್ಕಿದ್ದು ಕೆಟ್ಟುಹೋದ ಲಾಗ್ ಕಡತಗಳಿಂದ. ಸ್ಪ್ಲೈಸ್ ಎಂಬ ಕರೆ ಕಡತದ ಪುಟವನ್ನು ನಕಲು ಮಾಡದೆ ಪೈಪಿಗೆ ಎರವಲು ಕೊಡುತ್ತದೆ. ಆ ಪುಟದ ಚೀಟಿಯಲ್ಲಿ 'ಇದರ ಮುಂದಕ್ಕೆ ಬರೆಯಬಹುದು' ಎಂಬ ಗುರುತನ್ನು ಅಳಿಸುವುದು ಮರೆತುಹೋಗಿತ್ತು. ಹಳೆಯ ಗುರುತು ಉಳಿದಿದ್ದರೆ, ಓದಲು ಮಾತ್ರ ಅನುಮತಿಯಿದ್ದ ಸಾಮಾನ್ಯ ಬಳಕೆದಾರನೂ ಕಡತದ ಪೇಜ್ ಕ್ಯಾಶೆಯನ್ನೇ ತಿದ್ದಬಹುದಿತ್ತು. ಅದರಿಂದ ಯಂತ್ರದ ಪೂರ್ಣ ಅಧಿಕಾರವನ್ನೇ ಪಡೆಯಬಹುದಿತ್ತು. 5.8ರಿಂದ ಈ ಬಾಗಿಲು ತೆರೆದೇ ಇತ್ತು. ಒಂದು ಸಾಲು ತುಂಬದೆ ಬಿಟ್ಟ ಚೀಟಿ, ಅಷ್ಟೇ.

ಯಾವಾಗ ನಕಲೇ ಲೇಸು

ಇಷ್ಟೆಲ್ಲ ಓದಿದ ಮೇಲೆ ನಾಳೆಯೇ ನಿಮ್ಮ ಪ್ರಾಜೆಕ್ಟಿನಲ್ಲಿ ಝೀರೋ ಕಾಪಿ ಹಾಕಲು ಹೊರಟಿದ್ದರೆ ಸ್ವಲ್ಪ ನಿಲ್ಲಿ. ಪುಟ ಪಿನ್ ಮಾಡುವುದಕ್ಕೂ ಸೂಚನೆ ಓದುವುದಕ್ಕೂ ಖರ್ಚಿದೆ. ಒಂದು ಬರಹ ಸುಮಾರು 10 ಕಿಲೋಬೈಟ್ ದಾಟಿದರೆ ಮಾತ್ರ ಲಾಭ ಎಂದು ಲಿನಕ್ಸ್ ದಾಖಲೆಯೇ ಹೇಳುತ್ತದೆ. ಒಂದೇ ಯಂತ್ರದೊಳಗೆ ಲೂಪ್‌ಬ್ಯಾಕ್‌ನಲ್ಲಿ ಕಳಿಸಿದರೆ ಕರ್ನಲ್ ಹೇಗೂ ನಕಲು ಮಾಡುತ್ತದೆ, ಯಾಕೆಂದರೆ ಆಚೆಯವನು ಓದದೆ ಕೂತರೆ ನಿಮ್ಮ ಪುಟ ಎಷ್ಟು ಕಾಲ ಸಿಕ್ಕಿಬೀಳುತ್ತದೋ ಹೇಳಲಾಗದು. ಪ್ರೋಗ್ರಾಮಿನಲ್ಲೇ ಟಿಎಲ್‌ಎಸ್ ಗೂಢಲಿಪಿ ಮಾಡುತ್ತಿದ್ದರೆ ಹೇಗಿದ್ದರೂ ಹೊಸ ಬೈಟುಗಳನ್ನು ಬರೆಯಲೇಬೇಕು, ಉಳಿತಾಯದ ದೊಡ್ಡ ಭಾಗ ಅಲ್ಲೇ ಹೋಯಿತು. ಡಿ ಬ್ರೂಯಿನ್ ಅವರೇ ಸರಳ ಪರೀಕ್ಷೆಯಲ್ಲಿ 39 ಶೇಕಡಾ ಲಾಭ ತೋರಿಸಿ, ನಿಜವಾದ ಕೆಲಸದ ಹೊರೆಯಲ್ಲಿ 5ರಿಂದ 8 ಶೇಕಡಾ ಎಂದಿದ್ದರು.

ನಮ್ಮ ಸರ್ವರಿನಲ್ಲಿ ಸ್ಕ್ಯಾನ್ ಕಡತಗಳಿಗೆ ಮಾತ್ರ ಅದನ್ನು ಉಳಿಸಿಕೊಂಡಿದ್ದೇನೆ. ಉಳಿದ ಸಣ್ಣಪುಟ್ಟ ಸಂದೇಶಗಳೆಲ್ಲ ಹಳೆಯ ರೀತಿಯಲ್ಲಿ ನಕಲಾಗಿಯೇ ಹೋಗುತ್ತವೆ. ಪರೀಕ್ಷೆಯ ಪಟ್ಟಿಗೆ ಒಂದು ಹೊಸ ಸಾಲು ಸೇರಿದೆ: ಲಿನಕ್ಸ್‌ನ ನೆಟ್‌ಎಮ್‌ನಿಂದ ಬೇಕೆಂದೇ ನೂರಕ್ಕೆ ಐದು ಪ್ಯಾಕೆಟ್ಟು ಬೀಳಿಸಿ, ಆಮೇಲೆ ಹ್ಯಾಶ್ ಹೋಲಿಸಬೇಕು. ಈ ಪರೀಕ್ಷೆಯಲ್ಲಿ ನನ್ನ ಹಳೆಯ ಕೋಡು ನಾಲ್ಕು ನಿಮಿಷವೂ ನಿಲ್ಲಲಿಲ್ಲ.

ಮೊನ್ನೆ ಮತ್ತೆ ಆ ಕಚೇರಿಗೆ ಹೋಗಿದ್ದಾಗ ಕಾಕಾ ಒಂದು ಜಾಂಗಡ್ ಪುಸ್ತಕ ತೋರಿಸಿದರು. ವಾಪಸ್ ಬಂದ ಪ್ರತಿ ಚೀಟಿಯ ಮೇಲೂ ಅಡ್ಡಗೆರೆ, ತಾರೀಖು, ಸಹಿ. ಎರಡಕ್ಕೆ ಗೆರೆ ಇರಲಿಲ್ಲ. 'ಇವೆರಡು ಇನ್ನೂ ಹೊರಗಿವೆ' ಎಂದು ಹೇಳಿ ಪುಸ್ತಕ ಮುಚ್ಚಿ ತಿಜೋರಿಯಲ್ಲಿಟ್ಟರು.